ಬೆನ್ನುಗಾಳಿಯಲ್ಲಿ ಕಾಲು ಬದಲಿಸುವುದು



ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನದ ಊಟ ಮುಗಿಸಿ ಕಾಪುವಿನ ಕಡಲ ಬದಿಗೆ ಹೋದವರು ಇದನ್ನು ಕಂಡಿರುತ್ತೀರಿ. ಬೆಳಿಗ್ಗೆಯಿಂದ ಎಲೆ ಅಲ್ಲಾಡದ ಸೆಕೆ. ಒಂದೂವರೆ, ಎರಡು ಗಂಟೆಯ ಹೊತ್ತಿಗೆ ತೆಂಗಿನ ಗರಿಗಳು ಒಮ್ಮೆಲೇ ತೆಂಕು-ಮೂಡಿಗೆ ಬಾಗುತ್ತವೆ. ನೀರಿನ ಮೇಲೆ ದೂರದಿಂದ ಒಂದು ಕಪ್ಪು ಗೆರೆ ಓಡಿ ಬರುತ್ತದೆ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಮೇಲಿನ ತಂಪು ಗಾಳಿ ನುಗ್ಗುತ್ತದೆ. ಪಡು ಮತ್ತು ಬಡಗಿನ ನಡುವಿನಿಂದ ಬರುವ ಈ ಗಾಳಿಯನ್ನು ನಂಬಿ ನಾನು ಎರಡು ಬೇಸಿಗೆ ಒಂದೇ ಒಂದು ತಿರುವನ್ನು ಕಲಿತೆ. ಆ ಕಲಿಕೆಯ ಬಗ್ಗೆ ಇವತ್ತು ಮಾತಾಡುತ್ತೇನೆ.

ನಾನು ಕಾರ್ಕಳದ ಕಡೆಯವಳು, ಭೌತಶಾಸ್ತ್ರ ಪಾಠ ಮಾಡುವವಳು. ಬಿಡುವಿನ ದಿನಗಳಲ್ಲಿ ಗಾಳಿಪಟ ಹಿಡಿದು ಕಡಲಿಗೆ ಇಳಿಯುತ್ತೇನೆ. ಕೈಟ್‌ಸರ್ಫಿಂಗ್ ಅಂದರೆ ಅದೇ. ದೊಡ್ಡ ಪಟ, ನನ್ನದು 12 ಚದರ ಮೀಟರಿನದು. ಅದರ ದಾರಗಳು 20ರಿಂದ 24 ಮೀಟರ್ ಉದ್ದ ಇರುತ್ತವೆ. ದಾರದ ತುದಿಯಲ್ಲಿ ಹಿಡಿದುಕೊಳ್ಳಲು ಒಂದು ಬಾರ್. ಎಳೆತವೆಲ್ಲ ಸೊಂಟಕ್ಕೆ ಬಿಗಿದ ಪಟ್ಟಿಯ ಮೇಲೆ ಬೀಳುತ್ತದೆ, ಕೈ ಬರೇ ದಾರಿ ತೋರಿಸುತ್ತದೆ. ಕಾಲ ಕೆಳಗೆ ಒಂದು ಹಲಗೆ. ಪಟ ಎಳೆದಂತೆ ಹಲಗೆ ನೀರನ್ನು ಸೀಳುವುದು ಬಿಟ್ಟು ನೀರಿನ ಮೇಲೆ ಜಾರತೊಡಗುತ್ತದೆ. ಆ ಕ್ಷಣದ ಸುಖವನ್ನು ಮಾತಿನಲ್ಲಿ ಹೇಳುವುದು ಕಷ್ಟ. ಸೈಕಲ್ಲಿನಲ್ಲಿ ಮೊದಲ ಬಾರಿ ಹಿಂದೆ ಹಿಡಿದವರು ಕೈ ಬಿಟ್ಟದ್ದು ಗೊತ್ತಾದಾಗ ಆಗುತ್ತದಲ್ಲ, ಅದಕ್ಕೆ ಹತ್ತಿರದ್ದು.

ನಾನು ಮೊದಲು ಕಲಿತದ್ದು ತಮಿಳುನಾಡಿನ ರಾಮೇಶ್ವರದಲ್ಲಿ. ಅಲ್ಲಿ ಬೇಸಿಗೆಗೊಂದು, ಚಳಿಗಾಲಕ್ಕೊಂದು ಗಾಳಿ ಉಂಟು. ಅಲೆ ಇಲ್ಲದ, ಸೊಂಟದ ಮಟ್ಟದ ನೀರಿನ ಹಿನ್ನೀರು ಪ್ರದೇಶಗಳೂ ಉಂಟು. ಕಲಿಯುವವರಿಗೆ ಅಲ್ಲಿ ಕೊಡುವುದು ಎರಡೂ ತುದಿ ಒಂದೇ ಥರ ಇರುವ ಹಲಗೆ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಬಲಕ್ಕೆ ಹೋಗುತ್ತಿದ್ದವರು ಎಡಕ್ಕೆ ಬರಬೇಕಾದರೆ ಪಟವನ್ನು ಆ ಕಡೆಗೆ ಹೊರಳಿಸಿದರೆ ಮುಗಿಯಿತು. ಹಲಗೆ ನಿಂತು, ಬಂದ ದಾರಿಯಲ್ಲೇ ಹಿಮ್ಮುಖವಾಗಿ ಹೊರಡುತ್ತದೆ. ಕಾಲು ಇದ್ದಲ್ಲೇ ಇರುತ್ತದೆ. ಶಾಂತಸಾಗರದ ಮೈಕ್ರೊನೇಶಿಯಾ ದ್ವೀಪಗಳ ಜನ ಇಂಥದೇ ದೋಣಿಯನ್ನು ನೂರಾರು ವರ್ಷಗಳ ಹಿಂದೆಯೇ ಕಟ್ಟಿದ್ದರು. ಪ್ರೋವಾ ಎಂದು ಅದರ ಹೆಸರು. ದಿಕ್ಕು ಬದಲಿಸಬೇಕಾದಾಗ ಅವರು ದೋಣಿಯನ್ನು ತಿರುಗಿಸುವುದಿಲ್ಲ. ಹಾಯಿಯನ್ನು ಎತ್ತಿ ಒಂದು ತುದಿಯಿಂದ ಇನ್ನೊಂದು ತುದಿಗೆ ಒಯ್ಯುತ್ತಾರೆ, ಆಗ ಹಿಂದಿದ್ದದ್ದು ಮುಂದಾಗುತ್ತದೆ.

ನಮ್ಮ ಕರಾವಳಿಯಲ್ಲಿ ಹಾಗಲ್ಲ. ಮಲ್ಪೆಯಿಂದ ಪಡುಬಿದ್ರಿಯ ತನಕ ತೆರೆದ ಕಡಲು. ಗಾಳಿ ಇರುವ ದಿನ ಅಲೆಯೂ ಇರುತ್ತದೆ. ಅಲೆಯ ಮೇಲೆ ಸವಾರಿ ಮಾಡಲು ಅಲೆಗಾಗಿಯೇ ಮಾಡಿದ ಸರ್ಫ್ ಹಲಗೆ ಬೇಕು. ಅದರ ಮೂತಿ ಚೂಪು, ಬಾಲ ಬೇರೆ. ಮೀನಿನ ಈಜುರೆಕ್ಕೆಯಂಥ ಫಿನ್‌ಗಳು ಬಾಲದ ಕೆಳಗೆ ಮಾತ್ರ ಇರುತ್ತವೆ. ಹೀಗಾಗಿ ಈ ಹಲಗೆ ಮೂತಿ ಮುಂದಾಗಿಯೇ ಹೋಗುತ್ತದೆ, ಹಿಮ್ಮುಖವಾಗಿ ಹೋಗುವುದಿಲ್ಲ. ಕಡಲ ಕಡೆಗೆ ಹೋದದ್ದು ದಡದ ಕಡೆಗೆ ಬರಬೇಕಾದರೆ ಎತ್ತಿನಗಾಡಿಯ ಹಾಗೆ ಸುತ್ತು ಹಾಕಿಯೇ ತಿರುಗಬೇಕು. ಹಲಗೆ ತಿರುಗಿದ ಮೇಲೆ ಅದರ ಮೇಲೆ ನಿಂತವರ ಮುಂದಿನ ಕಾಲು ಹಿಂದೆ, ಹಿಂದಿನ ಕಾಲು ಮುಂದೆ ಬರಬೇಕು. ಓಡುತ್ತಿರುವ ಹಲಗೆಯ ಮೇಲೆ, ಪಟ ಎಳೆಯುತ್ತಿರುವಾಗ, ಕಾಲಿಗೆ ಯಾವ ಪಟ್ಟಿಯೂ ಇಲ್ಲದೆ.

ರಾಮೇಶ್ವರದಿಂದ ಬಂದವಳು ಇದನ್ನು ಒಂದು ವಾರದಲ್ಲಿ ಕಲಿಯುತ್ತೇನೆ ಅಂದುಕೊಂಡಿದ್ದೆ.

ಹಲಗೆಯ ಮೇಲೆ ನಿಲ್ಲುವುದು ನನ್ನ ಕಣ್ಣಿಗೆ ಹೊಸತೇನೂ ಆಗಿರಲಿಲ್ಲ. ನನ್ನ ತಾಯಿಮನೆಯಿಂದ ಮಿಯಾರಿನ ಕಂಬಳದ ಕರೆ, ಅಂದರೆ ಕೋಣಗಳು ಓಡುವ ಕೆಸರುಗದ್ದೆ, ದೂರ ಅಲ್ಲ. ಲವ-ಕುಶ ಜೋಡುಕರೆ ಕಂಬಳವನ್ನು ಸಣ್ಣಂದಿನಿಂದ ನೋಡುತ್ತ ಬೆಳೆದವಳು ನಾನು. ಕಾಪು ಬದಿಯವರಿಗೆ ಕಟಪಾಡಿ ಬೀಡಿನ ಮೂಡು-ಪಡು ಕಂಬಳ ಹೇಗೋ ನಮಗೆ ಇದು ಹಾಗೆ. ಹಗ್ಗ, ನೇಗಿಲು ವಿಭಾಗದ ಕೋಣಗಳು ಓಡುವಾಗ ಜನ ಹೆಚ್ಚು ಕೂಗುತ್ತಾರೆ ನಿಜ. ಆದರೆ ನನ್ನ ಕಣ್ಣು ಯಾವಾಗಲೂ ಹಲಗೆಯ ವಿಭಾಗದ ಮೇಲೆ ನೆಟ್ಟಿರುತ್ತಿತ್ತು. ಅಡ್ಡ ಹಲಗೆಯಲ್ಲಿ, ಗದ್ದೆ ಸಮ ಮಾಡುವ ಹಲಗೆಯ ಮೇಲೆ ನಿಂತು ಬರುತ್ತಾರೆ. ಕನೆ ಹಲಗೆಯಲ್ಲಿ ಮರದ ಸಣ್ಣ ತುಂಡಿನ ಮೇಲೆ ಒಂದೇ ಕಾಲು. ಅದರ ತೂತುಗಳಿಂದ ಕೆಸರುನೀರು ಕಾರಂಜಿಯಾಗಿ ಚಿಮ್ಮಿ ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ ನೀರು ಹಾರಿಸಿದವರ ಹೆಸರು ಮಾರನೆಯ ದಿನ ಪೇಪರಿನಲ್ಲಿ ಬರುತ್ತದೆ. ಹಲಗೆ ಮುಟ್ಟಿದವರು ಇಂಥವರು ಎಂದೇ ಬರೆಯುತ್ತಾರೆ. ಓಡಿಸಿದವರು ಎಂದಲ್ಲ, ಮುಟ್ಟಿದವರು. ಆ ಮಾತಿನಲ್ಲಿ ಪಾದದ ಹಗುರ ಉಂಟು. ಕಡಲಿಗೆ ಇಳಿದ ಮೇಲೆ ನನಗೆ ಅದು ಅರ್ಥವಾಯಿತು.

ಕೋಣಗಳ ಎಳೆತವನ್ನು ಅವರು ಕೈಯಿಂದ ತಡೆಯುವುದಿಲ್ಲ, ಇಡೀ ಮೈಯನ್ನು ಹಿಂದಕ್ಕೆ ಬಾಗಿಸಿ ತಡೆಯುತ್ತಾರೆ. ನೋಟ ಓಟ ಮುಗಿಯುವ ಮಂಜೊಟ್ಟಿಯ ಮೇಲೆ, ಕಾಲಿನ ಮೇಲಲ್ಲ. ಪಟದ ಹಲಗೆಗೂ ಇದೇ ಪಾಠ. ಆದರೆ ಕಂಬಳದ ಓಟ ಶುರುವಾಗುವ ಗಂತಿನಿಂದ ಮಂಜೊಟ್ಟಿಗೆ, ಒಂದೇ ದಿಕ್ಕಿಗೆ. ಮಂಜೊಟ್ಟಿಯಲ್ಲಿ ಕೋಣಗಳನ್ನು ಹಿಡಿದು ನಿಲ್ಲಿಸಲು ಹತ್ತು ಮಂದಿ ಇರುತ್ತಾರೆ. ಕಡಲಿನಲ್ಲಿ ಮಂಜೊಟ್ಟಿ ಇಲ್ಲ. ನಾವೇ ತಿರುಗಿ ಬರಬೇಕು.

ತಿರುಗುವುದು ಎರಡು ಥರ. ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ತಿರುಗುವುದು ಒಂದು. ಗಾಳಿಗೆ ಬೆನ್ನು ಕೊಟ್ಟು, ಗಾಳಿ ಹೋಗುವ ಕಡೆಗೇ ಬಾಗಿ ತಿರುಗುವುದು ಇನ್ನೊಂದು. ಈ ಎರಡನೆಯದನ್ನು ಹಾಯಿದೋಣಿಯವರ ಇಂಗ್ಲಿಷಿನಲ್ಲಿ ಜೈಬ್ ಅನ್ನುತ್ತಾರೆ. ನಾನು ಬೆನ್ನುಗಾಳಿ ತಿರುವು ಎಂದು ಕರೆಯುತ್ತೇನೆ.

ಕಾಪುವಿನ ಲೆಕ್ಕದಲ್ಲಿ ಹೇಳುವುದಾದರೆ ಹೀಗೆ. ದಡದಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತರೆ ಗಾಳಿ ಬಲಗಡೆಯ ಮುಂದಿನಿಂದ ಬರುತ್ತದೆ. ಅದಕ್ಕೆ ಅಡ್ಡವಾಗಿ ಹೊರಟರೆ ನಾವು ಕಡಲಿನೊಳಗೆ ತೆಂಕು-ಪಡುವಿಗೆ ಹೋಗುತ್ತೇವೆ. ಬೆನ್ನು ಗಾಳಿಯ ಕಡೆಗೆ, ಮುಖ ದಡದ ಕಡೆಗೆ, ಮುಂದಿರುವುದು ಬಲಗಾಲು, ಭಾರವೆಲ್ಲ ಹಿಮ್ಮಡಿಯ ಮೇಲೆ. ತಿರುಗಿ ಬರುವುದು ಬಡಗು-ಮೂಡಿಗೆ, ದಡದತ್ತ. ಆಗ ಮುಂದೆ ಎಡಗಾಲು ಇರಬೇಕು. ಅಂದರೆ ನಡುವೆ ಎಡಕ್ಕೆ ಬಾಗಿ ಅರ್ಧವೃತ್ತ ಬರೆಯಬೇಕು, ಅದೇ ಹೊತ್ತಿಗೆ ಪಟವನ್ನು ನೆತ್ತಿಯ ಮೇಲಿಂದ ಬಲದಿಂದ ಎಡಕ್ಕೆ ದಾಟಿಸಬೇಕು, ಕಾಲೂ ಬದಲಾಗಬೇಕು. ಈ ಅರ್ಧವೃತ್ತದಲ್ಲಿ ಗಾಳಿ ನಮ್ಮನ್ನು ತೆಂಕು-ಮೂಡಿಗೆ ಒಂದಿಷ್ಟು ಒಯ್ದೇ ಒಯ್ಯುತ್ತದೆ. ಕಾಪುವಿನ ದೀಪಸ್ತಂಭ ನಿಂತಿರುವುದು ಬಂಡೆಯ ಮೇಲೆ. 1901ರಲ್ಲಿ ಕಟ್ಟಿದ ಆ ಕಂಬ ನೋಡಲು ಎಷ್ಟು ಚಂದವೋ ಅದರ ಬುಡದ ಕಲ್ಲುಗಳು ಪಟದವರಿಗೆ ಅಷ್ಟೇ ಅಪಾಯ. ಬಂಡೆಯ ಬಡಗಿನಲ್ಲಿ ನೀರಿಗಿಳಿದವರನ್ನು ಗಾಳಿ ಬಂಡೆಯ ಕಡೆಗೇ ತಳ್ಳುತ್ತದೆ. ಹಾಗಾಗಿ ಕಲ್ಲುಗಳನ್ನು ಪೂರ್ತಿ ದಾಟಿ, ತೆಂಕಿನ ಉದ್ದದ ಮರಳಿಗೆ ಬಂದೇ ನಾನು ಪಟ ಎಬ್ಬಿಸುವುದು.

ಮೊದಲ ಬೇಸಿಗೆ ಪೂರ್ತಿ ಬಿದ್ದೆ. ಕಾಲು ಬದಲಿಸಲು ಹೊರಟ ಕೂಡಲೇ ಹಲಗೆ ಗಾಳಿಯ ಕಡೆಗೆ ಮೂತಿ ತಿರುಗಿಸಿ ನಿಂತುಬಿಡುತ್ತಿತ್ತು. ಇಲ್ಲವೇ ಅಂಚು ನೀರಿಗೆ ಸಿಕ್ಕಿ ನಾನು ಮುಖ ಅಡಿಯಾಗುತ್ತಿದ್ದೆ. ಒಮ್ಮೆ ಮಂಡಿ ಹೊರಳಿ ಹದಿನೈದು ದಿನ ಮೆಟ್ಟಿಲು ಹತ್ತಲು ಆಗಲಿಲ್ಲ. ಬಿದ್ದದ್ದನ್ನು ಪ್ರಯೋಗದ ಪುಸ್ತಕದಂತೆ ಬರೆದಿಡುತ್ತಿದ್ದೆ. ಗಾಳಿ ಹೇಗಿತ್ತು, ಯಾವ ಕಡೆಗೆ ತಿರುಗಿದೆ, ಯಾವ ಕಾಲು ಮೊದಲು ಎತ್ತಿದೆ. ಪುಟಗಟ್ಟಲೆ ಕಾಲಿನದೇ ಕಥೆ. ಎಡಗಾಲು ಎರಡು ಇಂಚು ಮುಂದೆ ಇಡಬೇಕಿತ್ತು, ಬಲಗಾಲು ಓರೆಯಾಯಿತು, ಹೀಗೆ.

ದಡದಲ್ಲಿ ಬಲೆ ಹೆಣೆಯುತ್ತ ಕೂರುವ ಅಜ್ಜ ಒಬ್ಬರಿದ್ದರು. ಎಂಬತ್ತು ದಾಟಿದವರು. ಪ್ರಾಯದಲ್ಲಿ ಪತ್ತೇಮಾರಿ ಎಂಬ ಹಾಯಿಹಡಗಿನಲ್ಲಿ ಮಂಗಳೂರು ಹಂಚು ಹೇರಿಕೊಂಡು ಮುಂಬಯಿಗೆ ಹೋಗಿಬಂದವರು. ನಾನು ಬೀಳುವುದನ್ನು ಅವರು ದಿನಾ ನೋಡುತ್ತಿದ್ದರು. ಒಂದು ಸಂಜೆ ಪಟ ಮಡಚುತ್ತಿದ್ದಾಗ ಹತ್ತಿರ ಬಂದು ಕೇಳಿದರು. ಅವರು ಮಾತಾಡಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತೇನೆ.

“ಟೀಚರೇ, ನೀವು ಕಾಲು ಬದಲಿಸುವಾಗ ನಿಮ್ಮ ಪಟ ಎಲ್ಲಿ ಇರುತ್ತದೆ?”

“ಬಲಗಡೆ ಕೆಳಗೆ ಇರುತ್ತದೆ ಅಜ್ಜ. ಕಾಲು ಬದಲಿಸಿ ಆದ ಮೇಲೆ ಮೇಲೆ ತರುತ್ತೇನೆ.”

“ಹಾಗಾದರೆ ಪಟದಲ್ಲಿ ಗಾಳಿ ತುಂಬಿದೆ. ತುಂಬಿದ ಪಟವನ್ನು ಯಾರಾದರೂ ಈಚೆಯಿಂದ ಆಚೆಗೆ ದಾಟಿಸುತ್ತಾರಾ? ಭಾರ ಕಳೆಯದೆ ಹಗ್ಗ ಬಿಟ್ಟರೆ ಮನುಷ್ಯ ಉಳಿಯುತ್ತಾನಾ?”

ಮತ್ತೆ ಮರಳಿನ ಮೇಲೆ ಕೋಲಿನಿಂದ ಗೀಚಿ ಪತ್ತೇಮಾರಿ ಹೇಗೆ ತಿರುಗುತ್ತಿತ್ತು ಎಂದು ತೋರಿಸಿದರು. ಪತ್ತೇಮಾರಿಯ ಹಾಯಿಯನ್ನು ಕಟ್ಟುವುದು ಉದ್ದನೆಯ ಓರೆ ಅಡ್ಡಕೋಲಿಗೆ. ಆ ಕೋಲು ಕೂವೆಕಂಬದ ಒಂದು ಬದಿಗೆ ಇರುತ್ತದೆ. ದೋಣಿ ದಿಕ್ಕು ಬದಲಿಸಿದಾಗ ಕೋಲೂ ಹಾಯಿಯೂ ಕಂಬದ ಇನ್ನೊಂದು ಬದಿಗೆ ಬರಬೇಕು. ಎದುರುಗಾಳಿಗೆ ಮುಖ ಕೊಟ್ಟು ಇದನ್ನು ಮಾಡಿದರೆ ಹಾಯಿ ಕಂಬಕ್ಕೆ ಅಂಟಿಕೊಂಡು ದೋಣಿ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಇಂಥ ಹಾಯಿಯ ಹಡಗುಗಳು, ಅರಬರ ಧೋಗಳೂ ಸೇರಿ, ಹೆಚ್ಚಾಗಿ ಬೆನ್ನುಗಾಳಿಯಲ್ಲಿಯೇ ತಿರುಗುತ್ತವೆ. ಚುಕ್ಕಾಣಿ ಹಿಡಿದವನು ದೋಣಿಯ ಹಿಂಭಾಗವನ್ನು ಗಾಳಿಗೆ ಕೊಡುತ್ತಾನೆ. ಗಾಳಿಯ ಜೊತೆಗೇ ದೋಣಿ ಓಡುವಾಗ ಹಾಯಿಯ ಬಿಗಿ ಸಡಿಲವಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಅಡ್ಡಕೋಲನ್ನು ನೆಟ್ಟಗೆ ಎತ್ತಿ, ಕಂಬದ ಮುಂದಿನಿಂದ ಸುತ್ತಿಸಿ, ಹಾಯಿಯ ಹಗ್ಗವನ್ನು ಆ ಬದಿಗೆ ಒಯ್ದು ಬಿಗಿಯುತ್ತಾರೆ. ಬೇಗ ಮಾಡಿದರೆ ಗಾಳಿ ಇನ್ನೂ ತುಂಬಿರುತ್ತದೆ, ತಡ ಮಾಡಿದರೆ ಮತ್ತೆ ತುಂಬಿಕೊಳ್ಳುತ್ತದೆ. ನಡುವೆ ಸಿಗುವುದು ಒಂದು ಸಣ್ಣ ಹೊತ್ತು.

ನಮ್ಮ ಭಾಷೆಯಲ್ಲಿ ಹಾಯಿಗೂ ಪಟ ಎನ್ನುತ್ತಾರೆ, ಮಕ್ಕಳು ಹಾರಿಸುವುದಕ್ಕೂ ಪಟ ಎನ್ನುತ್ತಾರೆ. ಅಜ್ಜನಿಗೆ ನನ್ನ ಪಟ ಹೊಸತಾಗಿ ಕಾಣಲೇ ಇಲ್ಲ. ಕಂಬ ಇಲ್ಲದ ಹಾಯಿ ಎಂದು ನೋಡಿದರು, ಅಷ್ಟೆ. ಭೌತಶಾಸ್ತ್ರ ಕಲಿಸುವ ನನಗೆ ಹೊಳೆಯದ್ದು ಅವರಿಗೆ ಒಂದು ಪ್ರಶ್ನೆಯಲ್ಲಿ ಹೊಳೆದಿತ್ತು. ನಾನು ಹುಡುಕುತ್ತಿದ್ದ ತಪ್ಪು ಕಾಲಿನಲ್ಲಿ ಇರಲೇ ಇಲ್ಲ.

ಪಟ ಕೆಳಗೆ ಬದಿಯಲ್ಲಿದ್ದಾಗ ಅದು ನಮ್ಮನ್ನು ಅಡ್ಡಕ್ಕೆ ಎಳೆಯುತ್ತದೆ. ಆ ಎಳೆತಕ್ಕೆ ಎದುರಾಗಿ ನಾವು ಹಲಗೆಯ ಅಂಚನ್ನು ಒತ್ತಿ ಹಿಡಿದಿರುತ್ತೇವೆ. ಒತ್ತಿದ ಕಾಲನ್ನು ಎತ್ತುವುದು ಹೇಗೆ? ಪಟವನ್ನು ನೆತ್ತಿಯ ಹತ್ತಿರಕ್ಕೆ ತಂದರೆ ಎಳೆತ ಮೇಲ್ಮುಖವಾಗುತ್ತದೆ. 60 ಕೆ.ಜಿ. ತೂಕದವರನ್ನು ಪಟ 30 ಕೆ.ಜಿ.ಯಷ್ಟು ಮೇಲಕ್ಕೆ ಎತ್ತಿದರೆ ಹಲಗೆಯ ಮೇಲೆ ಬೀಳುವುದು ಉಳಿದ 30 ಮಾತ್ರ. ಆಗ ಕಾಲು ಎತ್ತುವುದು ಹಗುರ. ಜೊತೆಗೆ ನಾವು ಗಾಳಿಯ ದಿಕ್ಕಿಗೇ ಓಡುತ್ತಿರುತ್ತೇವೆ. ಗಾಳಿಯ ವೇಗ ಗಂಟೆಗೆ 25 ಕಿ.ಮೀ. ಇದ್ದು, ನಾವು ಅದೇ ದಿಕ್ಕಿಗೆ 15 ಕಿ.ಮೀ. ವೇಗದಲ್ಲಿ ಹೋದರೆ ನಮ್ಮ ಮೈಗೆ ತಾಗುವ ಗಾಳಿ 10 ಮಾತ್ರ. ಗಾಳಿ ಬೀಸುವ ದಿಕ್ಕಿಗೇ ಸೈಕಲ್ ತುಳಿದವರಿಗೆ ಇದು ಗೊತ್ತು. ಪತ್ತೇಮಾರಿಯ ಹಾಯಿ ಸಡಿಲಾದದ್ದೂ ಇದರಿಂದಲೇ.

ಆ ಮಳೆಗಾಲ ನಾನು ಮನೆಯೊಳಗೆ ಕಲಿತೆ. ನಮ್ಮ ಹಳೆ ಮನೆಯ ಕಾವಿ ನೆಲದ ಮೇಲೆ ಸೀಮೆಸುಣ್ಣದಿಂದ ಹಲಗೆಯ ಆಕಾರ ಬರೆದೆ, ನಡುವೆ ಉದ್ದಕ್ಕೆ ಒಂದು ಗೆರೆ ಎಳೆದೆ. ಬಲಗಾಲು ಮುಂದೆ ಇಟ್ಟು ನಿಲ್ಲುವುದು. ಮೊದಲು ಕೈ ಮೇಲೆ, ಅಂದರೆ ಪಟ ನೆತ್ತಿಗೆ. ಆಮೇಲೆ ಹಿಂದಿನ ಎಡಗಾಲು ಬಂದು ಮುಂದಿನ ಕಾಲಿನ ಪಕ್ಕಕ್ಕೆ. ಕೂಡಲೇ ಬಲಗಾಲು ಹಿಂದಕ್ಕೆ, ಫಿನ್‌ಗಳ ಮೇಲ್ಭಾಗಕ್ಕೆ. ಎರಡು ಪಾದವೂ ನಡುಗೆರೆಯನ್ನು ಬಿಡಬಾರದು. ಗೆರೆ ಬಿಟ್ಟರೆ ನೀರಿನಲ್ಲಿ ಅಂಚು ಮುಳುಗುತ್ತದೆ. ಎರಡು ಕಾಲು ಜೊತೆಯಾಗಿರುವ ಗಳಿಗೆಯೇ ಅತ್ಯಂತ ಅಸ್ಥಿರ, ಅದರಲ್ಲಿ ತಂಗಬಾರದು. ಮಳೆಗಾಲದಲ್ಲಿ ಮನೆಮನೆಗೆ ಬರುವ ಯಕ್ಷಗಾನದ ಚಿಕ್ಕಮೇಳದ ಚೆಂಡೆ ಕೇಳಿ ಬೆಳೆದ ಕಿವಿ ನಮ್ಮದು. ನನ್ನ ಕಾಲಿಗೆ ಲೆಕ್ಕ ಸಿಕ್ಕಿದ್ದು ತಾಳದಿಂದ. ತ ಅಂದರೆ ಪಟ ಮೇಲೆ, ಕಿ ಅಂದರೆ ಹಿಂಗಾಲು ಮುಂದೆ, ಟ ಅಂದರೆ ಮುಂಗಾಲು ಹಿಂದೆ. ತಕಿಟ. ಅದಕ್ಕಿಂತ ನಿಧಾನವೂ ಬೇಡ, ಅವಸರವೂ ಬೇಡ. ನೂರು ಸಲ, ಇನ್ನೂರು ಸಲ. ಅಮ್ಮ ಜಗಲಿಯಿಂದ ನೋಡಿ, “ಕೆಳಗೆ ಎಂತಕ್ಕೆ ನೋಡುವುದು? ಕಾಲು ಎಲ್ಲಿಗೂ ಓಡಿಹೋಗುವುದಿಲ್ಲ” ಎಂದರು. ಅದೂ ದೊಡ್ಡ ಪಾಠ. ಕಣ್ಣು ಕೆಳಗಾದರೆ ತಲೆ ಬಾಗುತ್ತದೆ, ತಲೆ ಬಾಗಿದರೆ ಹೆಗಲು, ಹೆಗಲಿನ ಹಿಂದೆ ಇಡೀ ಮೈಭಾರ ಬೆರಳ ಅಂಚಿಗೆ ಬರುತ್ತದೆ. ಕಣ್ಣು ಹೋದ ಕಡೆಗೆ ಹಲಗೆ ಹೋಗುತ್ತದೆ. ಹಲಗೆ ದಡಕ್ಕೆ ಹೋಗಬೇಕಾದರೆ ದಡ ನೋಡಬೇಕು.

ಮರುವರ್ಷ ಫೆಬ್ರುವರಿಯಲ್ಲಿ ಮತ್ತೆ ನೀರಿಗಿಳಿದೆ. ಈ ಸಲ ತಿರುವನ್ನೂ ಕಾಲನ್ನೂ ಬೇರೆ ಬೇರೆ ಮಾಡಿಕೊಂಡೆ. ಕಾಲು ಬದಲಿಸದೆಯೇ ತಿರುಗುವುದನ್ನು ಮೊದಲು ಕಲಿಯಬೇಕು. ಬಲಗಾಲು ಮುಂದಿಟ್ಟು ಹೋಗುತ್ತಿದ್ದವಳು ಪಟವನ್ನು ಮೇಲಕ್ಕೆ ತಂದು, ಬೆರಳುಗಳನ್ನು ಒತ್ತಿ ಎಡಕ್ಕೆ ಬಾಗುತ್ತೇನೆ. ಹಲಗೆ ಅರ್ಧವೃತ್ತ ಬರೆದು ದಡದ ಕಡೆಗೆ ಹೊರಡುತ್ತದೆ. ಆದರೆ ಕಾಲು ಹಳೆಯದೇ, ಮೈ ಮಾತ್ರ ತಿರುಗಿದೆ. ಈಗ ಮುಖ ಗಾಳಿಯ ಕಡೆಗೆ, ಭಾರ ಬೆರಳ ಅಂಚಿನ ಮೇಲೆ, ಸೊಂಟದಿಂದ ಮೇಲಿನ ಭಾಗ ಪಟದ ಕಡೆಗೆ ತಿರುಚಿಕೊಂಡಿದೆ. ಅಂಗಳ ಗುಡಿಸುತ್ತಿರುವವರು ಯಾರೋ ಕರೆದರೆಂದು ಹೊರಳಿ ನೋಡಿದ ಹಾಗೆ. ಈ ತಿರುಚಿದ ಭಂಗಿಯಲ್ಲಿ ನೂರು ಮೀಟರ್ ನೆಮ್ಮದಿಯಾಗಿ ಹೋಗಲು ಬಂದ ಮೇಲೆ ಮಾತ್ರ ಕಾಲಿನ ವಿಚಾರ. ನನ್ನ ಮಟ್ಟಿಗೆ ಇಡೀ ಕಲಿಕೆಯ ಬೆನ್ನೆಲುಬು ಇದೇ, ಇದನ್ನು ಹಾರಿಸಿ ಮುಂದೆ ಹೋಗಲು ನೋಡಿದ್ದೇ ನನ್ನ ಮೊದಲ ಬೇಸಿಗೆಯ ತಪ್ಪು. ತಿರುಚಿದ ಭಂಗಿಯಲ್ಲಿ ಧೈರ್ಯ ಇದ್ದರೆ ಕಾಲು ಬದಲಿಸಲು ಅವಸರ ಇರುವುದಿಲ್ಲ. ಅಲೆ ಬಂತೋ, ದಾಟಿಸಿ ಬದಲಿಸಿದರಾಯಿತು. ಗಾಳಿ ಒಮ್ಮೆ ಜೋರಾಯಿತೋ, ಕಾದರಾಯಿತು.

ಮಾರ್ಚ್‌ನ ಒಂದು ಸಂಜೆ ಅದು ಕೂಡಿಬಂತು. ಅಲೆ ಸಣ್ಣದು, ಗಾಳಿ ಒಂದೇ ಸಮ. ತಿರುಗಿ, ತಿರುಚಿದ ಮೈಯಲ್ಲಿ ದಡದ ಕಡೆಗೆ ಬರುತ್ತಿದ್ದೆ. ಪಟವನ್ನು ಒಂದು ಗೇಣು ಮೇಲೆ ತಂದೆ. ಸೊಂಟದ ಪಟ್ಟಿ ಮೇಲಕ್ಕೆ ಜಗ್ಗಿತು, ಹಲಗೆ ಅಂಚು ಬಿಟ್ಟು ಚಪ್ಪಟೆಯಾಯಿತು, ನೀರಿನ ಸದ್ದು ಕಡಿಮೆಯಾಯಿತು. ಆ ಸದ್ದು ಕಡಿಮೆಯಾದದ್ದೇ ಗುರುತು ಎಂದು ಹಲಗೆ ಕಲಿಯಲು ಬರುವ ಮಕ್ಕಳಿಗೆ ಈಗಲೂ ಹೇಳುತ್ತೇನೆ. ತಕಿಟ. ನೋಡಿದರೆ ಎಡಗಾಲು ಮುಂದೆ ಇತ್ತು, ಬೆನ್ನು ಗಾಳಿಗೆ ಒರಗಿತ್ತು. ದೀಪಸ್ತಂಭ ಎದುರಿಗೆ. ದಡಕ್ಕೆ ಬಂದಾಗ ಅಜ್ಜ ಬಲೆಯಿಂದ ತಲೆ ಎತ್ತಿ, “ಈಗ ಸರಿ ಆಯ್ತು” ಎಂದರು. ಅಷ್ಟೇ ಅಂದದ್ದು.

ಇದಕ್ಕೆ ಇನ್ನೊಂದು ಕ್ರಮವೂ ಉಂಟು. ತಿರುಗುವ ಮೊದಲೇ ಕಾಲು ಬದಲಿಸಿ ತಿರುಚಿದ ಭಂಗಿಗೆ ಬಂದು, ಆಮೇಲೆ ಹಿಮ್ಮಡಿ ಒತ್ತಿ ತಿರುಗುವುದು. ತಿರುವು ಮುಗಿದಾಗ ಕಾಲು ಆಗಲೇ ಸರಿಯಾಗಿರುತ್ತದೆ. ಅಲೆಯ ಮೇಲೆ ತಿರುಗಬೇಕಾದವರಿಗೆ ಇದು ಒಳ್ಳೆಯದು. ಎರಡರಲ್ಲಿಯೂ ಒಂದು ಎಚ್ಚರ ಬೇಕು. ಬೆನ್ನುಗಾಳಿಯಲ್ಲಿ ಪಟದ ಕಡೆಗೇ ಓಡುತ್ತಿರುವಾಗ ದಾರ ಸಡಿಲಾಗಿ ಪಟ ಬೀಳಬಹುದು. ಹಾಗಾಗಿ ಪಟ ನೆತ್ತಿಯಲ್ಲಿ ಸುಮ್ಮನೆ ನಿಲ್ಲಬಾರದು, ಚಲಿಸುತ್ತಲೇ ಆಚೆ ಬದಿಗೆ ಇಳಿಯಬೇಕು. ಹೆದರಿ ಬಾರ್ ಎಳೆದುಕೊಂಡರೆ ಎಲ್ಲ ಕೆಡುತ್ತದೆ. ಹೆದರಿದಾಗ ಕೈ ಎಳೆಯುವುದು, ಮೈ ಹಿಂಗಾಲಿನ ಮೇಲೆ ಕೂರುವುದು ಮನುಷ್ಯ ಸ್ವಭಾವ. ಹಿಂಗಾಲಿನ ಮೇಲೆ ಕೂತರೆ ಮೂತಿ ಎದ್ದು ಹಲಗೆ ನಿಧಾನವಾಗುತ್ತದೆ, ನಿಧಾನವಾದ ಹಲಗೆ ಮುಳುಗುತ್ತದೆ. ವೇಗವೇ ಇಲ್ಲಿ ಆಸರೆ.

ಈ ಆಟ ಹಳೆಯದೇನೂ ಅಲ್ಲ. ಫ್ರಾನ್ಸಿನ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಎಂಬ ಅಣ್ಣತಮ್ಮಂದಿರು 1984ರಲ್ಲಿ, ನೀರಿಗೆ ಬಿದ್ದರೂ ಮತ್ತೆ ಎಬ್ಬಿಸಬಹುದಾದ ಗಾಳಿ ತುಂಬಿದ ಪಟಕ್ಕೆ ಪೇಟೆಂಟ್ ಅರ್ಜಿ ಹಾಕಿದರು. 1990ರ ದಶಕದಲ್ಲಿ ಈ ಆಟ ಹವಾಯಿಯ ಮಾವಿ ದ್ವೀಪದಲ್ಲಿ ಬೆಳೆಯಿತು. ಆಗಿನ ಹಲಗೆಗಳು ಹೆಚ್ಚಾಗಿ ಮೂತಿ-ಬಾಲದವೇ. ಮೊದಲ ತಲೆಮಾರಿನ ಹೆಚ್ಚಿನವರು ಕಾಲು ಬದಲಿಸಿಯೇ ಕಲಿತವರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಈ ಆಟದ ಸ್ಪರ್ಧೆ ಮೊದಲ ಬಾರಿ ಸೇರಿತು, ನಡೆದದ್ದು ಮಾರ್ಸೇಯ ಕಡಲಿನಲ್ಲಿ. ಹೆಂಗಸರಲ್ಲಿ ಬ್ರಿಟನ್ನಿನ ಎಲ್ಲಿ ಆಲ್ಡ್ರಿಜ್, ಗಂಡಸರಲ್ಲಿ ಆಸ್ಟ್ರಿಯಾದ ವಾಲೆಂಟಿನ್ ಬೊಂಟುಸ್ ಚಿನ್ನ ಗೆದ್ದರು. ಅವರ ಹಲಗೆ ನೀರನ್ನು ಬಿಟ್ಟು ಮೇಲೆದ್ದು, ನೀರೊಳಗಿನ ಒಂದು ಸಣ್ಣ ರೆಕ್ಕೆಯ ಮೇಲೆ ನಿಂತು ಓಡುತ್ತದೆ. ಅಲ್ಲಿಯೂ ಪ್ರತಿ ತಿರುವಿಗೆ ಕಾಲು ಬದಲಿಸಲೇಬೇಕು.

ದೂರದ ಮಾತು ಸಾಕು. ನಮ್ಮ ಜಿಲ್ಲೆಯ ಮಾತಿಗೆ ಬರುತ್ತೇನೆ. ಕಾರ್ಕಳ ತಾಲೂಕಿನ ಘಟ್ಟದ ಬುಡದಿಂದ ಬರುವ ಸ್ವರ್ಣಾ ನದಿ ಮಣಿಪಾಲದ ಎಂಡ್ ಪಾಯಿಂಟಿನ ಕೆಳಗೆ ಹರಿದು, ಕೋಡಿ ಬೆಂಗ್ರೆಯಲ್ಲಿ ಸೀತಾನದಿಯ ಜೊತೆ ಕಡಲು ಸೇರುತ್ತದೆ. ನದಿ ಹೋದ ದಾರಿಯಲ್ಲೇ 2007ರಲ್ಲಿ ಇಬ್ಬರು ವಿದ್ಯಾರ್ಥಿಗಳು ಹೋದರು. ಮುಂಬಯಿಯಿಂದ ಮಣಿಪಾಲಕ್ಕೆ ಪತ್ರಿಕೋದ್ಯಮ ಓದಲು ಬಂದಿದ್ದ ಇಶಿತಾ ಮಾಳವೀಯ ಮತ್ತು ಅವರ ಗೆಳೆಯ ತುಷಾರ್ ಪಥಿಯನ್. ಸರ್ಫಿಂಗ್ ಸ್ವಾಮಿಗಳು ಎಂದು ಹೆಸರಾದ ಮೂಲ್ಕಿಯ ಆಶ್ರಮದ ಬಳಗದಿಂದ ಅಲೆ ಹತ್ತುವುದನ್ನು ಕಲಿತು, ಆರಂಭದಲ್ಲಿ ಇಬ್ಬರಿಗೂ ಸೇರಿ ಒಂದೇ ಹಲಗೆ ಇಟ್ಟುಕೊಂಡು, ಕೋಡಿ ಬೆಂಗ್ರೆಯಲ್ಲಿ ಶಾಕಾ ಸರ್ಫ್ ಕ್ಲಬ್ ಕಟ್ಟಿದರು. ಭಾರತದ ಮೊದಲ ವೃತ್ತಿಪರ ಸರ್ಫರ್ ಮಹಿಳೆ ಎಂದು ಇಶಿತಾ ಹೆಸರಾದರು. ಅದಕ್ಕಿಂತಲೂ ನನಗೆ ದೊಡ್ಡದಾಗಿ ಕಾಣುವುದು ಬೆಂಗ್ರೆಯ ಮೀನುಗಾರರ ಮಕ್ಕಳು ಅವರ ಜೊತೆ ಹಲಗೆ ಏರಿದ್ದು. ಕಡಲಿಗೆ ಹೆದರಿ ಮಕ್ಕಳನ್ನು ದೂರ ಇಡುವ ನಮ್ಮಂಥ ಒಳನಾಡಿನ ಮನೆಗಳಿಗೆ ಆ ಮಕ್ಕಳು ಉತ್ತರ ಕೊಟ್ಟರು. ಕಾರ್ಕಳದಿಂದ ಕಡಲಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆದರೂ ನನ್ನ ತರಗತಿಯಲ್ಲಿ ಈಜು ಬರುವ ಹುಡುಗಿಯರು ಪ್ರತಿ ವರ್ಷ ಬೆರಳೆಣಿಕೆಯಷ್ಟೇ. ಇದು ನನಗೆ ನೋವಿನ ಸಂಗತಿ.

ಕಲಿಯಬೇಕೆಂಬ ಎಳೆಯರಿಗೆ ಕೆಲವು ಮಾತು ಖಂಡಿತವಾಗಿ ಹೇಳಬೇಕು. ಈಜು ಬಾರದೆ ಪಟ ಮುಟ್ಟಬೇಡಿ. ಮೊಬೈಲಿನಲ್ಲಿ ವಿಡಿಯೋ ನೋಡಿ, ಯಾರೋ ಮಾರಿದ ಹಳೆ ಪಟ ತಂದು ಒಬ್ಬರೇ ಎಬ್ಬಿಸಬೇಡಿ. ಬಿಗಿದ ದಾರ ಚೂರಿಯ ಹಾಗೆ ಕೊಯ್ಯುತ್ತದೆ. ಒಂದೇ ಎಳೆತಕ್ಕೆ ಪಟವನ್ನು ಕಳಚುವ ಕೊಂಡಿ ಸರಿಯಾಗಿದೆಯೇ ಎಂದು ನೋಡದೆ ನೀರಿಗಿಳಿಯಬೇಡಿ. ಬೆಳಗಿನ ಮೂಡುಗಾಳಿ ದಡದಿಂದ ಕಡಲಿಗೆ ಬೀಸುತ್ತದೆ. ಆಗ ಇಳಿದವರನ್ನು ಅದು ಹೊರಗೆ ಒಯ್ಯುತ್ತದೆ, ವಾಪಸು ತರುವುದಿಲ್ಲ. ಮಳೆಗಾಲದ ಕಡಲಂತೂ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳೇ ಬಂದರಿನಲ್ಲಿ ನಿಂತಿರುತ್ತವೆ. ಮೀನುಗಾರರು ದಡದಿಂದ ಕೈರಂಪಣಿ ಬಲೆ ಎಳೆಯುತ್ತಿರುವ ಜಾಗದಲ್ಲಿ ಪಟ ಎಬ್ಬಿಸಬೇಡಿ. ಅದು ಅವರ ಅನ್ನ, ಕಡಲು ಮೊದಲು ಅವರದು. ಅವರ ಹತ್ತಿರ ಎರಡು ನಿಮಿಷ ನಿಂತು ಗಾಳಿ ಯಾವ ಕಡೆಗೆ ಹೊರಳುತ್ತದೆ ಎಂದು ಕೇಳಿ. ಫೋನಿನಲ್ಲಿ ಕಾಣದ್ದು ಅವರಿಗೆ ಕಾಣುತ್ತದೆ.

ಕೊನೆಗೆ ಒಂದು ಕೋರಿಕೆ. ಗಂಗೊಳ್ಳಿ, ಹಂಗಾರಕಟ್ಟೆ, ಮಲ್ಪೆ, ಕಾಪು, ಮೂಲ್ಕಿಯ ಮನೆಗಳಲ್ಲಿ ಪತ್ತೇಮಾರಿಯಲ್ಲಿ ದುಡಿದ ಹಿರಿಯರು ಇನ್ನೂ ಕೆಲವರಿದ್ದಾರೆ. ಮೊಮ್ಮಕ್ಕಳೇ, ಈ ಭಾನುವಾರ ಅವರ ಪಕ್ಕದಲ್ಲಿ ಒಂದು ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಹಾಯಿಯನ್ನು ಈಚೆಯಿಂದ ಆಚೆಗೆ ದಾಟಿಸುವಾಗ ಯಾರು ಯಾವ ಹಗ್ಗ ಹಿಡಿಯುತ್ತಿದ್ದರು, ಚುಕ್ಕಾಣಿಯವನು ಏನೆಂದು ಕೂಗಿ ಹೇಳುತ್ತಿದ್ದ, ಪ್ರತಿ ಹಗ್ಗಕ್ಕೆ, ಪ್ರತಿ ಗಾಳಿಗೆ ಏನು ಹೆಸರಿತ್ತು ಎಂದು ಕೇಳಿ, ಅವರು ಹೇಳಿದ ಹಾಗೆಯೇ, ತುಳುವಾದರೆ ತುಳುವಿನಲ್ಲಿ, ಕುಂದಗನ್ನಡವಾದರೆ ಕುಂದಗನ್ನಡದಲ್ಲಿ, ಬರೆದಿಡಿ. ಮುಂದಿನ ಬೇಸಿಗೆಯಲ್ಲಿ ಹಲಗೆ ಏರುವ ಮಕ್ಕಳಿಗೆ ನಾನು ಆ ಮಾತುಗಳಲ್ಲಿಯೇ ಪಾಠ ಹೇಳಬೇಕು ಎಂದಿದ್ದೇನೆ.